ಗುಳ್ಳೆಯಿಲ್ಲದ ಅಚ್ಚು

ಸಿಂಕಿನಲ್ಲಿ ನೀರು ನಿಂತೇ ಇತ್ತು. ಎದ್ದವಳು ಹಲ್ಲುಜ್ಜುವ ಮೊದಲೇ ಅದನ್ನು ನೋಡಿದಳು. ಆರು ವಾರಗಳಿಂದ ಅವಳ ಬೆಳಗು ಶುರುವಾಗುವುದೇ ಹೀಗೆ. ನಿನ್ನೆ ಸಂಜೆ ಲೋಟ ತೊಳೆದ ನೀರು, ಮೇಲೆ ಸೋಪಿನ ತೆಳ್ಳನೆಯ ಪೊರೆ, ಅಂಚಿಗೊಂದು ಬೂದು ಗೆರೆ. ಒಂದು ಬೆರಳಿನಷ್ಟು ಇಳಿದಿರಬಹುದು, ಅಥವಾ ಇಳಿದಿದೆ ಎಂದು ಅವಳಿಗೆ ಅನ್ನಿಸುತ್ತಿರಬಹುದು. ಇವತ್ತು ಭಾನುವಾರ. ಹನ್ನೊಂದು ಗಂಟೆಗೆ ಪ್ಲಂಬರ್ ಬರುತ್ತಾನೆ, ಸಿಂಕಿನ ಕೆಳಗಿನ ಬಾಗು ಪೈಪನ್ನು ಕತ್ತರಿಸಿ ತೆಗೆಯುತ್ತಾನೆ, ಒಳಗೆ ಏನಿದೆಯೋ ಅದು ಎಲ್ಲರ ಕಣ್ಣೆದುರು ಬೀಳುತ್ತದೆ. ಹನ್ನೊಂದಕ್ಕೇ ರೂಮಿನ ಜೊತೆಗಾತಿ ಜಡೆಯ ಸಾಮಾನು ಒಯ್ಯಲು ಗಾಡಿಯೂ ಬರುತ್ತದೆ. ಗಾಡಿ ಮೊದಲು ಬಂದರೆ ಸಾಕು ಎಂದುಕೊಂಡಳು. ಜಡೆ ಹೊರಟುಹೋದ ಮೇಲೆ ಪೈಪು ಒಡೆದರೆ ಒಡೆಯಲಿ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೇಸಿಗೆಯಾದರೂ ಆಸೆ ಮಾತ್ರ ಹೋಗಲಿಲ್ಲ.

ಪೈಪಿನಲ್ಲಿ ಇದ್ದದ್ದು ಪ್ಲಾಸ್ಟರ್. ಈ ಮನೆಯಲ್ಲಿ ಅದು ಗೊತ್ತಿದ್ದುದು ಅವಳೊಬ್ಬಳಿಗೆ. ಅವಳು ಹಲ್ಲಿನ ಡಾಕ್ಟರಾಗಲು ಓದುತ್ತಿದ್ದಳು, ಎರಡನೆಯ ವರ್ಷ. ಬಾಯಿಯ ಅಳತೆ ತೆಗೆದ ಮೆತ್ತನೆಯ ಪದಾರ್ಥದೊಳಗೆ ಬಿಳಿ ಪ್ಲಾಸ್ಟರ್ ಕಲಸಿ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಹಲ್ಲಿನ ಸಾಲಿನ ಅಚ್ಚು ತೆಗೆಯುವುದು ಆ ವರ್ಷದ ಕೆಲಸ. ಅವಳ ಅಚ್ಚಿನಲ್ಲಿ ಯಾವಾಗಲೂ ಗುಳ್ಳೆ. ಕಲಸುವಾಗ ಗಾಳಿ ಸೇರಿಕೊಂಡು, ಸರಿಯಾಗಿ ಹಲ್ಲಿನ ತುದಿಯಲ್ಲೇ ಸಾಸಿವೆಯಷ್ಟು ತೂತು. ಲ್ಯಾಬಿನ ಮೇಡಂ ಅದನ್ನು ಬೆಳಕಿಗೆ ಹಿಡಿದು, "ಇದು ಹಲ್ಲೋ, ಜರಡಿಯೋ?" ಎಂದು ಎಲ್ಲರೆದುರು ಕೇಳಿ, ಅವಳ ಕೈಯಿಂದಲೇ ಕಸದ ಡಬ್ಬಿಗೆ ಹಾಕಿಸುತ್ತಿದ್ದರು. ಮೂರನೆಯ ಸಲ ಹಾಗಾದ ದಿನ ಅವಳು ಒಂದು ಚೀಲ ಪ್ಲಾಸ್ಟರನ್ನು ಪುಸ್ತಕಗಳ ನಡುವೆ ಅಡಗಿಸಿ ರೂಮಿಗೆ ತಂದಳು. ರೂಮಿನಲ್ಲಿ ಕಾಲೇಜಿನ ಪ್ರಾಕ್ಟಿಕಲ್ ಮಾಡಕೂಡದೆಂದು ಮೊದಲ ದಿನವೇ ಓನರ್ ಬರೆಸಿಕೊಂಡು ಸಹಿ ಹಾಕಿಸಿದ್ದ. ಜಡೆ ಕಾಲೇಜಿನಿಂದ ಬರುವಷ್ಟರಲ್ಲಿ ಕಲಸಿದಳು, ಸುರಿದಳು, ರಬ್ಬರ್ ಬಟ್ಟಲನ್ನು ಸಿಂಕಿನಲ್ಲಿ ತೊಳೆದಳು. ತೊಳೆಯುವ ಮುಂಚೆ ಬಟ್ಟಲನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಬೇಕು ಎಂಬುದು ಆ ಓದಿನವರಿಗೆಲ್ಲ ಮೊದಲ ವಾರವೇ ಹೇಳಿಕೊಡುವ ಪಾಠ. "ನೀರು ಬಿಟ್ರೆ ಕರಗಿ ಹೋಗುತ್ತೆ ಅಂದ್ಕೋಬೇಡಿ. ನೀರು ಕುಡಿದೇ ಅದು ಕಲ್ಲಾಗೋದು," ಎಂದು ಮೇಡಂ ಹೇಳಿದ್ದನ್ನು ಅವಳು ನೋಟ್ಸಿನಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದಿದ್ದಳು. ಆದರೆ ಲ್ಯಾಬಿನ ಸಿಂಕಿನ ಕೆಳಗೆ ಪ್ಲಾಸ್ಟರ್ ತಡೆಯುವ ತೊಟ್ಟಿಯಿತ್ತು, ಅಲ್ಲಿ ಯಾರೂ ಒರೆಸುತ್ತಿರಲಿಲ್ಲ. ಕೈ ಅದನ್ನೇ ಕಲಿತಿತ್ತು. ಬಿಳಿ ನೀರು ಸುಳಿ ತಿರುಗಿ ಇಳಿದುಹೋಯಿತು. ಒಂದು ಸಲ ಹೋದದ್ದು ಎರಡನೆಯ ಸಲವೂ ಹೋಯಿತು. ಐದನೆಯ ಸಲ ನಿಂತಿತು.

"ಹಳೇ ಪೇಪರ್ ಇದ್ರೆ ಕೊಡೇ, ಹಲ್ಲು," ಎಂದಳು ಜಡೆ. ಅವಳು ನೆಲದ ಮೇಲೆ ಕೂತು ತನ್ನ ಕಲ್ಲುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತುತ್ತಿದ್ದಳು. ಜಡೆ ಕಲ್ಲು ಓದುವವಳು, ಭೂವಿಜ್ಞಾನ. ಹೋದಲ್ಲಿಂದೆಲ್ಲ ಕಲ್ಲು ಹೊತ್ತು ತಂದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಡುತ್ತಿದ್ದಳು. ಈಗ ಅವಳಿಗೆ ಜಡೆಯೆಂಬುದೇ ಇಲ್ಲ, ಕತ್ತಿನ ಮೇಲೆ ಮೊಂಡಾಗಿ ನಿಂತ ಕೂದಲು. ಒಬ್ಬರಿಗೊಬ್ಬರು ಇಟ್ಟುಕೊಂಡ ಹಲ್ಲು, ಜಡೆ ಎಂಬ ಹೆಸರುಗಳು ಮಾತ್ರ ಉಳಿದಿದ್ದವು. ಒಂದೂವರೆ ವರ್ಷ ಇಬ್ಬರೂ ಈ ಒಂದೇ ಕೋಣೆಯಲ್ಲಿ ಎರಡು ಮಂಚ, ಒಂದು ಮೇಜು, ಮೂಲೆಯ ಒಲೆ, ಈ ಸಿಂಕು ಹಂಚಿಕೊಂಡಿದ್ದರು. ಅವಳು ಹಳೆಯ ಪೇಪರುಗಳ ಕಟ್ಟು ತಂದು ಕೊಟ್ಟಳು, ತಾನೂ ಒಂದು ಕಲ್ಲನ್ನು ಎತ್ತಿಕೊಂಡು ಸುತ್ತತೊಡಗಿದಳು. ಯಾವ ಕಲ್ಲು ಯಾವುದು ಎಂದು ಒಂದು ಕಾಲದಲ್ಲಿ ಜಡೆ ಅವಳಿಗೆ ಕಲಿಸಲು ಹೊರಟಿದ್ದಳು. "ಎಲ್ಲಕ್ಕಿಂತ ಮೊದ್ಲು ಉಗುರಲ್ಲಿ ಕೆರೆದು ನೋಡ್ಬೇಕು. ಉಗುರಿಗೆ ಸೋಲೋದು ಯಾವುದು, ಸೋಲದೇ ಇರೋದು ಯಾವುದು, ಅಲ್ಲಿಂದ ಶುರು," ಎಂದು. ಅವಳು ನಕ್ಕು, ನಮ್ಮ ಕಡೆ ಹಲ್ಲಿಗೆ ಸೋಲೋದು ಯಾವುದು ಅಂತ ನೋಡ್ತೀವಿ, ಎಂದಿದ್ದಳು. ಈಗ ನಗು ಬರುವಂಥದ್ದೇನೂ ತೋಚಲಿಲ್ಲ. ಕಲ್ಲು ಅಂಗೈಯಲ್ಲಿ ತಣ್ಣಗಿತ್ತು. ಅದನ್ನು ಡಬ್ಬಕ್ಕೆ ಇಡುವಾಗ ಇಬ್ಬರ ಕೈಯೂ ತಗಲಿ, ಅವಳೇ ಮೊದಲು ಕೈ ಹಿಂದೆಗೆದುಕೊಂಡಳು.

ಈ ಕಲ್ಲುಗಳನ್ನು ಓನರ್ ಒಂದು ಸಲ ತೂಗಿದ್ದ. ಅವನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತನಾದವನು. ಮೂವತ್ತು ವರ್ಷ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ಬಟ್ಟು, ಲೀಟರು ಪರೀಕ್ಷಿಸಿ ಮುದ್ರೆ ಒತ್ತಿದ ಮನುಷ್ಯ. ಈಗ ಒತ್ತಲು ಮುದ್ರೆಯಿಲ್ಲ, ಆದರೆ ಕೈ ಸುಮ್ಮನಿರಬೇಕಲ್ಲ. "ನಮ್ಮನೆಯವರು ರಿಟೈರ್ ಆದ್ಮೇಲೆ ಪರೀಕ್ಷೆ ಮಾಡೋಕೆ ನಾವೇ ಸಿಕ್ಕಿದ್ದೀವಿ," ಎಂದು ಅವನ ಹೆಂಡತಿ, ಓನರ್ ಆಂಟಿ, ಒಮ್ಮೆ ಮೆಟ್ಟಿಲ ಹತ್ತಿರ ಪಿಸುಗುಟ್ಟಿ, ಹಾಗೆ ಹೇಳಿದ್ದಕ್ಕೆ ತಾನೇ ಹೆದರಿ ಒಳಗೆ ಹೋಗಿದ್ದರು. ಕಲ್ಲಿನ ಭಾರಕ್ಕೆ ಕಿಟಕಿ ಕಟ್ಟೆ ಬಿರುಕು ಬಿಡುತ್ತದೆಂದು ಓನರ್ ಕೆಳಗಿನಿಂದ ಕೈತಕ್ಕಡಿ ತಂದು, ಒಂದೊಂದನ್ನೂ ತೂಗಿ, ಒಟ್ಟು ತೂಕವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ. "ಈ ಮೂಲಕ ತಿಳಿಸುವುದೇನೆಂದರೆ" ಎಂದು ಶುರುವಾಗುವ ಅಂಥ ಚೀಟಿಗಳು ರೂಮಿನ ತುಂಬ ಇದ್ದವು: ಫ್ಯಾನಿನ ಸ್ವಿಚ್ಚಿನ ಮೇಲೆ, ಬಾಗಿಲ ಹಿಂದೆ, ಕನ್ನಡಿಯ ಕೆಳಗೆ. ವಾರಕ್ಕೆ ಎರಡು ಸಲ ಅವನು ಮೇಲೆ ಬರುತ್ತಿದ್ದ. ಒಂದು ಬೆರಳಿನಿಂದ ಬಾಗಿಲು ತಟ್ಟುತ್ತಿದ್ದ, ತಟ್ಟುತ್ತಲೇ ಇನ್ನೊಂದು ಕೈಯ ಕೀಲಿಯಿಂದ ತೆಗೆಯುತ್ತಿದ್ದ. ಒಮ್ಮೆ ಅವಳು ಒದ್ದೆ ಮೈಗೆ ಟವೆಲು ಸುತ್ತಿಕೊಂಡು ನಿಂತಿದ್ದಾಗಲೇ ಬಾಗಿಲು ತೆರೆಯಿತು. ಅವನು ಮುಖ ತಿರುಗಿಸಿಕೊಂಡು, ಆದರೆ ಹೊರಗೆ ಹೋಗದೆ, ಅಲ್ಲಿಂದಲೇ ಮೀಟರು ಓದಿ ಬರೆದುಕೊಂಡ. ಅವಳು ಬಚ್ಚಲಿನ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು, ಅವನ ಪೆನ್ನು ಕಾಗದದ ಮೇಲೆ ಗೀಚುವ ಸದ್ದನ್ನು ಕೇಳುತ್ತ ನಿಂತಳು. ಮರುದಿನ ಜಡೆ ಕೆಳಗೆ ಹೋಗಿ, ತಟ್ಟಿ ಸ್ವಲ್ಪ ಕಾಯಿರಿ ಅಂಕಲ್ ಎಂದು ಹೇಳಿದ್ದಕ್ಕೆ, "ನೀವು ನನ್ನ ಮಕ್ಕಳಿದ್ದ ಹಾಗೆ. ಮಕ್ಕಳ ರೂಮಿಗೆ ಬರೋಕೆ ಅಪ್ಪ ಅಪ್ಪಣೆ ಕೇಳ್ಬೇಕಾ?" ಎಂದ. ಜಡೆ ಅವಳಿಗಾಗಿ ಹೋಗಿದ್ದಳು. ಅವಳು ಮೇಲೆಯೇ ಇದ್ದು, ಮೆಟ್ಟಿಲ ಕಂಬಿ ಹಿಡಿದು ಕೇಳಿಸಿಕೊಂಡಿದ್ದಳು.

ಸಿಂಕು ಕಟ್ಟಿಕೊಂಡ ವಾರವೇ ಕೆಳಗಿನ ಮನೆಯ ಛಾವಣಿಯಲ್ಲಿ, ಆಂಟಿ ಮಲಗುವ ಮಂಚದ ಸರಿಯಾಗಿ ಮೇಲೆ, ಒಂದು ತಟ್ಟೆಯಷ್ಟು ಅಗಲದ ಕಲೆ ಕಾಣಿಸಿತು. ಓನರ್ ಟಾರ್ಚು ತಂದ, ಸಿಂಕಿನ ತೂತಿಗೆ ಬೆಳಕು ಬಿಟ್ಟ, ತಂತಿ ಹಾಕಿ ತಿರುವಿದ. ತಂತಿ ಒಂದು ಗೇಣು ಹೋಗಿ ನಿಂತಿತು. ಅವನು ಕೋಣೆಯ ಸುತ್ತ ನೋಡಿದ. ಮೇಜಿನ ಮೇಲೆ ಅವಳ ಹಲ್ಲಿನ ಅಚ್ಚುಗಳು ಬಾಯಿ ತೆರೆದು ಕೂತಿದ್ದವು. ಅವನ ಕಣ್ಣು ಅವುಗಳ ಮೇಲೆ ಹಾದುಹೋಯಿತು, ನಿಲ್ಲಲಿಲ್ಲ. ಕಿಟಕಿಯ ಬಳಿ ಜಡೆ ತಲೆ ಬಾಚಿಕೊಳ್ಳುತ್ತಿದ್ದಳು, ಸೊಂಟದಿಂದ ಕೆಳಗೆ ಇಳಿಯುವ ಕೂದಲು. "ಕೂದಲು," ಎಂದ ಓನರ್, ಲೆಕ್ಕ ತಾಳೆಯಾದವನಂತೆ. ಅಷ್ಟೇ. ಸಂಜೆಯೊಳಗೆ ಸಿಂಕಿನ ಮೇಲೆ, ಉದ್ದ ಕೂದಲಿಗೆ ಎಚ್ಚರಿಕೆ ಕೊಡುವ ಚೀಟಿ ಬಂತು. ಜಡೆಯ ಕೂದಲು ಸಿಂಕಿಗೆ ಬೀಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಜಡೆ ದಿನಾ ಕಿಟಕಿಯ ಬಳಿಯೇ ಬಾಚುತ್ತಿದ್ದಳು, ಬಾಚಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ ಉಂಗುರದಂತೆ ಮಾಡಿ ಒಂದು ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಒಂದೂವರೆ ವರ್ಷ ದಿನಾ ನೋಡಿದ್ದನ್ನು ಹೇಳಲು ಒಂದು ವಾಕ್ಯ ಸಾಕಿತ್ತು. ಎರಡು ದಿನದ ಮೇಲೆ ಓನರ್ ಅವಳೊಬ್ಬಳನ್ನೇ ಮೆಟ್ಟಿಲ ಮೇಲೆ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದ. "ನೀನು ಸುಳ್ಳು ಹೇಳೋ ಹುಡುಗಿ ಅಲ್ಲ. ನೀನೇ ಹೇಳಮ್ಮ, ಅದು ಅವಳ ಕೂದಲೇ ತಾನೆ?" ಅವಳು ಹೌದು ಅನ್ನಲಿಲ್ಲ. "ನಂಗೊತ್ತಿಲ್ಲ ಅಂಕಲ್. ಅವಳ ಕೂದಲು ಉದ್ದ ಇದೆ," ಎಂದಳು. ಸುಳ್ಳೇನಲ್ಲ. ಉದ್ದ ಇತ್ತು. ಆ ವಾಕ್ಯವನ್ನು ಅವಳು ಆಮೇಲೆ ಎಷ್ಟು ಸಲ ಹಿಂದೆಮುಂದೆ ತಿರುಗಿಸಿ ನೋಡಿದರೂ ಅದರಲ್ಲಿ ಒಂದೇ ಒಂದು ಸುಳ್ಳು ಸಿಗಲಿಲ್ಲ, ಅದೇ ಅವಳನ್ನು ಹೆಚ್ಚು ಹಿಂಸಿಸುತ್ತಿತ್ತು.

ಗಾಡಿಯ ಸದ್ದೇನೋ ಎಂದು ಕಿಟಕಿಗೆ ಹೋದಳು. ಹಾಲಿನ ವ್ಯಾನು. ಹತ್ತೂಕಾಲು. ಬೀದಿಯಾಚೆ ಯಾರೋ ಗಂಡಸು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಯ ಮುಂದೆ ನಿಂತಿದ್ದ. ಈ ಕೋಣೆ ಹೋದರೆ ತಾನು ಅಣ್ಣನ ಮನೆಗೆ ಹೋಗಬೇಕು, ಬೇರೆ ದಾರಿಯಿಲ್ಲ. ಮೊದಲ ಆರು ತಿಂಗಳು ಅಲ್ಲೇ ಇದ್ದಳು, ನಡುಮನೆಯ ಮೂಲೆಯಲ್ಲಿ ಪರದೆ ಕಟ್ಟಿಕೊಂಡು. ಪರದೆ ನೆಲಕ್ಕೆ ಒಂದು ಗೇಣು ಕಡಿಮೆಯಿತ್ತು; ಬೆಳಿಗ್ಗೆ ಕಣ್ಣು ಬಿಟ್ಟರೆ ಅತ್ತಿಗೆಯ ಪಾದಗಳು ಆಚೆ ಈಚೆ ಓಡಾಡುವುದು ಕಾಣುತ್ತಿತ್ತು. ಅತ್ತಿಗೆ ಒಂದು ದಿನವೂ ಗಡುಸಾಗಿ ಮಾತಾಡಿದವಳಲ್ಲ. ತಾನು ಪ್ರಾಕ್ಟೀಸಿಗೆ ಮೇಣದಲ್ಲಿ ಕೆತ್ತಿದ ಹಲ್ಲುಗಳನ್ನು ಮಕ್ಕಳು ಮುಟ್ಟಬಾರದೆಂದು ಎತ್ತರದಲ್ಲಿಟ್ಟರೆ, ಅತ್ತಿಗೆ ಅವನ್ನು ತಟ್ಟೆಯಲ್ಲಿ ಹಾಕಿ ತಂದು, "ಇದು ನಿಂದು ಅಲ್ವಾ, ಎಲ್ಲಿಡ್ಲಿ?" ಎಂದು ನಗುತ್ತ ಕೇಳುತ್ತಿದ್ದಳು. ಎಲ್ಲಿಡ್ಲಿ ಎಂಬ ಆ ಪ್ರಶ್ನೆ ಹಲ್ಲಿಗೆ ಮಾತ್ರ ಸೇರಿದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಆ ವರ್ಷ ಅವಳು ಒಂದು ಪೇಪರಿನಲ್ಲಿ ಫೇಲಾದಳು. ಇನ್ನೊಂದು ಸಲ ಫೇಲಾದರೆ ಓದು ಬಿಡಬೇಕು. ಕೊನೆಗೆ ಈ ಕೋಣೆ ಸಿಕ್ಕಿದೆ ಎಂದು ಹೇಳಿದ ದಿನ ಅಣ್ಣ ಅವಳ ಟ್ರಂಕನ್ನು ತಾನೇ ಹೊತ್ತು ತಂದು ಮೆಟ್ಟಿಲ ಬುಡದಲ್ಲಿಟ್ಟು, "ಇಲ್ಲಾದ್ರೂ ಹೊಂದ್ಕೊಂಡು ಹೋಗು," ಎಂದ. ಆ ಇಲ್ಲಾದ್ರೂ ಎಂಬುದು ಈಗಲೂ ಅವಳೊಳಗೆ ಮುರಿದ ಮುಳ್ಳಿನ ಹಾಗೆ ಉಳಿದಿತ್ತು. ಪರೀಕ್ಷೆಗೆ ಇನ್ನು ಹದಿನೆಂಟು ದಿನ. ಪರೀಕ್ಷೆ ಮುಗಿಯಲಿ, ಎಲ್ಲ ಹೇಳಿಬಿಡುತ್ತೇನೆ ಎಂದು ಅವಳು ಮೂರು ವಾರದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದಕ್ಕೆ ಮುಂಚಿನ ಮೂರು ವಾರ ಅದನ್ನೂ ಹೇಳಿಕೊಂಡಿರಲಿಲ್ಲ.

"ಹಲ್ಲು, ಆ ತಗಡಿನ ಡಬ್ಬಿ ಎಲ್ಲಿದೆ ನೋಡೇ," ಎಂದಳು ಜಡೆ. ಡಬ್ಬಿ ಕಿಟಕಿಯ ಮೂಲೆಯಲ್ಲಿತ್ತು. ಒಳಗೆ ಕೂದಲಿನ ಉಂಗುರಗಳು, ಹಗುರ, ಅಲುಗಿಸಿದರೆ ಸದ್ದೇ ಇಲ್ಲ. ಮೂರು ವಾರದ ಹಿಂದೆ, ಒಂದು ಗುರುವಾರ, ಅವಳು ಮೇಜಿನ ಮುಂದೆ ಮೇಣ ಕೆತ್ತುತ್ತಿದ್ದಾಗ ಜಡೆ ಒಳಗೆ ಬಂದಳು. ಕೈಯಲ್ಲಿ ಕಾಗದದ ಉದ್ದನೆಯ ಪೊಟ್ಟಣ. ಮೊದಲು ಪೊಟ್ಟಣ ಕಂಡಿತು, ಆಮೇಲೆ ಕತ್ತು ಕಂಡಿತು. ಕೂದಲಿಲ್ಲದ ಆ ಕತ್ತನ್ನು ಅವಳು ಅದುವರೆಗೆ ನೋಡಿಯೇ ಇರಲಿಲ್ಲ, ಬಿಸಿಲು ಕಾಣದ ಬಿಳುಪು, ಎಡಗಡೆ ಒಂದು ಮಚ್ಚೆ. ಜಡೆ ಬಂದು ಅವಳ ಎದುರಿನ ಮಂಚದ ಮೇಲೆ ಕೂತಳು. ಕೂತು, ಅವಳನ್ನೇ ನೋಡಿದಳು. ಕೆತ್ತುವ ಚೂರಿ ಅವಳ ಕೈಯಲ್ಲಿತ್ತು, ಅರ್ಧ ಆದ ಕೋರೆಹಲ್ಲು. ಕೊನೆಗೆ ಜಡೆಯೇ, "ಹೇಗಿದೆ?" ಎಂದಳು.

"ಚೆನ್ನಾಗಿ ಕಾಣ್ತಿದೆ ಕಣೇ. ಮುಖಕ್ಕೆ ಒಪ್ಪುತ್ತೆ."

"ಅಷ್ಟೇನಾ?"

"ತಲೆ ಹಗುರ ಅನ್ಸುತ್ತಾ?"

"ಹೂಂ. ಹಗುರ," ಎಂದು ಜಡೆ ಎದ್ದು, ಸಿಂಕಿನ ಹತ್ತಿರ ಹೋಗಿ, ನಿಂತ ನೀರನ್ನು ಮಗ್ಗಿನಿಂದ ಬಕೆಟ್ಟಿಗೆ ಮೊಗೆಯುತ್ತ, ಬೆನ್ನು ಹಾಕಿಕೊಂಡೇ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದು ನಕ್ಕಳು. ಅವಳೂ ನಕ್ಕಳು. ನಕ್ಕಾಗ ಚೂರಿ ಜಾರಿ ಕೋರೆಹಲ್ಲಿನ ತುದಿ ಹಾರಿತು. ಆ ದಿನ ಹೇಳಿಬಿಡಬಹುದಿತ್ತು. ಆದರೆ ಕೂದಲು ಹೋಗಿಯಾಗಿತ್ತು, ಈಗ ಹೇಳಿದರೆ ಕೂದಲು ಹೋಗುವ ಮುಂಚೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಹೀಗೆ ದಿನಾ ಹಿಂದಿನ ದಿನವೇ ಅಡ್ಡ ಬರುತ್ತಿತ್ತು. ಹೋದ ವಾರ ಓನರ್ ಬಂದು ನೋಡಿದ, ಕೂದಲು ಹೋದರೂ ನೀರು ಇಳಿದಿರಲಿಲ್ಲ. ಅವನು ಸೋಲಲಿಲ್ಲ. "ಹಳೇ ಕೂದಲು ಒಳಗೇ ಇದೆ," ಎಂದ. ಒಂದು ಕಾಗದ ತಂದಿದ್ದ, ತಾನೇ ಬರೆದದ್ದು: ಸಿಂಕು ಕೆಟ್ಟದ್ದು ನನ್ನ ಕೂದಲಿನಿಂದ, ಇದನ್ನು ಒಪ್ಪಿಕೊಂಡಿದ್ದೇನೆ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ಕೆಳಗೆ ಸಹಿಗೆ ಗೆರೆ. ದುಡ್ಡು ಬೇಡ, ಏನೂ ಬೇಡ, ಸಹಿ ಒಂದು ಸಾಕು. "ನಾನು ಮಾಡದ್ದಕ್ಕೆ ಸಹಿ ಹಾಕಲ್ಲ ಅಂಕಲ್," ಎಂದಳು ಜಡೆ. "ಹಾಗಾದ್ರೆ ಬರೋ ಭಾನುವಾರದೊಳಗೆ ಜಾಗ ನೋಡ್ಕೋ," ಎಂದ ಓನರ್, ಪೆನ್ನಿನ ಮುಚ್ಚಳ ಹಾಕುತ್ತ. ಈ ಮಾತೆಲ್ಲ ನಡೆಯುವಾಗ ಅವಳು ಕೋಣೆಯಲ್ಲೇ ಇದ್ದಳು. ಒಲೆಯ ಮೇಲೆ ಹಾಲಿಟ್ಟಿದ್ದಳು, ಉಕ್ಕದಂತೆ ಅದನ್ನೇ ನೋಡುತ್ತಿದ್ದಳು. ಅಷ್ಟು ಗಮನವಿಟ್ಟು ಅವಳು ಯಾವ ಹಾಲನ್ನೂ ಕಾಯಿಸಿರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು, ಎರಡು ಜನರದ್ದು. ಒಂದು ಬೆರಳಿನ ತಟ್ಟು, ಕೀಲಿ, ಬಾಗಿಲು. ಓನರ್, ಅವನ ಹಿಂದೆ ಪ್ಲಂಬರ್. ಹತ್ತೂ ಮುಕ್ಕಾಲು. ಗಾಡಿ ಬಂದಿರಲಿಲ್ಲ.

ಪ್ಲಂಬರ್ ವಯಸ್ಸಾದವನು. ಮೊಣಕಾಲಿನ ಕೆಳಗೆ ಒಂದು ಗೋಣಿ ತುಂಡು ಹಾಕಿಕೊಂಡು, ನೋವಿನ ಸದ್ದು ಮಾಡುತ್ತ ಸಿಂಕಿನ ಕೆಳಗೆ ಕೂತ. ಬಾಗು ಪೈಪನ್ನು ಕೈಯಿಂದ ತಿರುವಿದ, ಬರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳಿದ. ಅವಳ ಮೇಡಂ ಅಚ್ಚನ್ನು ಹೀಗೆಯೇ ತಟ್ಟಿ ಕೇಳುತ್ತಿದ್ದರು. "ಇದು ತುಂಬ ಗಟ್ಟಿ ಇದೆ ಸಾರ್," ಎಂದು ಗರಗಸ ತೆಗೆದ. ಪ್ಲಾಸ್ಟಿಕ್ ಪೈಪನ್ನು ಕೊಯ್ಯುವ ಸದ್ದು ಕೋಣೆ ತುಂಬಿತು. ಜಡೆ ಕಲ್ಲಿನ ಡಬ್ಬಕ್ಕೆ ಹಗ್ಗ ಕಟ್ಟುವುದನ್ನು ನಿಲ್ಲಿಸಿ ಗೋಡೆಗೆ ಒರಗಿ ನಿಂತಳು. ಅವಳ ಕಣ್ಣು ಗರಗಸದ ಹಲ್ಲಿನ ಮೇಲೇ ಇತ್ತು. ಈಗಲೇ ಹೇಳಬೇಕು, ಬೀಳುವ ಮೊದಲೇ ಹೇಳಬೇಕು, ಬಿದ್ದ ಮೇಲೆ ಹೇಳಿದರೆ ಅದು ಸಿಕ್ಕಿಬಿದ್ದಂತೆ, ಹೇಳಿದಂತಲ್ಲ. ಗರಗಸ ಒಂದು ಕಡೆ ದಾಟಿತು. ಇನ್ನೊಂದು ಕಡೆ ಶುರುವಾಯಿತು. ಇನ್ನೂ ಹೊತ್ತಿದೆ ಎಂದುಕೊಂಡಳು. ಪೈಪು ಕಳಚಿ ಬಂತು.

ಪ್ಲಂಬರ್ ಅದನ್ನು ಉದ್ದಕ್ಕೆ ಸೀಳಿ ನೆಲಕ್ಕೆ ಮೆಲ್ಲಗೆ ಕುಟ್ಟಿದ. ಒಳಗಿನಿಂದ ಬಿಳಿಯ ಬಾಗು ಒಂದು ಹೊರಗೆ ಉರುಳಿತು. ಮೊಣಕೈಯ ಹಾಗೆ ಬಾಗಿತ್ತು, ನುಣ್ಣಗಿತ್ತು, ಪೈಪಿನ ಒಳಗೋಡೆಯ ಒಂದೊಂದು ಗೆರೆಯೂ, ತಿರುಪಿನ ಒಂದೊಂದು ಸುತ್ತೂ ಅದರ ಮೇಲೆ ಚೊಕ್ಕವಾಗಿ ಮೂಡಿತ್ತು. ಒಂದು ಗುಳ್ಳೆಯೂ ಇರಲಿಲ್ಲ. ಅವಳು ಅದನ್ನು ಮೊದಲು ನೋಡಿದ್ದು ಹಾಗೆಯೇ, ಒಂದು ಕ್ಷಣ ಹೆದರಿಕೆಯೂ ಮರೆತುಹೋಗಿ: ವರ್ಷವಿಡೀ ಲ್ಯಾಬಿನಲ್ಲಿ ಕೂತು ಒಂದು ಸಲವೂ ತೆಗೆಯಲಾಗದ ಅಚ್ಚು ಇಲ್ಲಿ, ಯಾರೂ ನೋಡದ ಕತ್ತಲೆಯಲ್ಲಿ, ತಾನಾಗಿಯೇ ಆಗಿ ಕೂತಿತ್ತು. ಮೇಡಂ ನೋಡಿದ್ದರೆ ಬೆಳಕಿಗೆ ಹಿಡಿದು, ಮಾತಿಲ್ಲದೆ ಮೇಜಿನ ಮೇಲೆ ಇಡುತ್ತಿದ್ದರು.

"ಇದು ಕೂದಲಲ್ಲ ಸಾರ್," ಎಂದ ಪ್ಲಂಬರ್. "ಸುಣ್ಣವೋ, ಸಿಮೆಂಟೋ, ಏನೋ ಇಳಿದಿದೆ."

ಓನರ್ ಕನ್ನಡಕ ಹಾಕಿಕೊಂಡು ಅದನ್ನು ಎತ್ತಿಕೊಂಡ, ಅಂಗೈಯಲ್ಲಿ ತೂಗಿದ, ಅಭ್ಯಾಸ. ತಿರುಗಿಸಿದ. ಮತ್ತೆ ತಿರುಗಿಸಿದ. ಅವನ ಮುಖದಲ್ಲಿ ಮೊದಲ ಸಲ ಗೊತ್ತಾಗದವನ ಗಲಿಬಿಲಿ ಕಂಡಿತು, ಅದನ್ನು ನೋಡಿ ಅವಳಿಗೆ ಯಾಕೋ ಅಯ್ಯೋ ಅನ್ನಿಸಿತು. ಆಮೇಲೆ ಅವನು ಎರಡು ಬೆರಳಿನಿಂದ ಏನನ್ನೋ ಹಿಡಿದು ಎಳೆದ. ಬಿಳಿಯ ಬಾಗಿನ ನಡುವಿನಿಂದ ಒಂದು ಕೂದಲು, ಒಂದೇ ಒಂದು, ಉದ್ದನೆಯದು, ಅರ್ಧ ಒಳಗೆ ಹೂತು ಅರ್ಧ ಹೊರಗೆ ಜೋತಿತ್ತು. "ನೋಡಿದ್ಯಾ," ಎಂದ ಅವನು, ಜಡೆಗೂ ಅಲ್ಲ, ಪ್ಲಂಬರಿಗೂ ಅಲ್ಲ. "ಸುಣ್ಣ ಸುಮ್ನೆ ನಿಲ್ಲುತ್ತಾ? ಬೋರ್‌ವೆಲ್ ನೀರಲ್ಲಿ ಸುಣ್ಣ ಇದ್ದೇ ಇರುತ್ತೆ, ಹರ್ಕೊಂಡು ಹೋಗುತ್ತೆ. ಹಿಡ್ಕೊಳ್ಳೋಕೆ ಒಂದು ಎಳೆ ಬೇಕು. ಹಿಡ್ಕೊಂಡಿದ್ದು ಇದು." ಪ್ಲಂಬರ್ ಇರಬಹುದು ಎಂಬಂತೆ ಭುಜ ಕುಣಿಸಿ ಹೊಸ ಪೈಪನ್ನು ಅಳೆಯತೊಡಗಿದ. ಜಡೆ ಓನರನ್ನು ನೋಡಲೇ ಇಲ್ಲ. ಅವಳನ್ನು ನೋಡುತ್ತಿದ್ದಳು. ಆ ಗುರುವಾರ ಮಂಚದ ಮೇಲೆ ಕೂತು ನೋಡಿದ ಹಾಗೆಯೇ.

"ಅದು ಸುಣ್ಣ ಅಲ್ಲ ಅಂಕಲ್," ಎಂದಳು. ತನ್ನ ದನಿ ಬೇರೆ ಯಾರದ್ದೋ ಅನ್ನಿಸಿತು. "ಪ್ಲಾಸ್ಟರ್. ನಂದು. ನಾನೇ ಸಿಂಕಲ್ಲಿ ತೊಳೆದದ್ದು. ಅವಳದ್ದೇನೂ ತಪ್ಪಿಲ್ಲ."

ಓನರ್ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. ಸಿಟ್ಟಾಗುತ್ತಾನೆ ಎಂದು ಅವಳು ಕಾದಳು. ಸಿಟ್ಟಾದರೆ ಸಾಕು, ಮುಗಿಯುತ್ತದೆ. ಅವನ ಮುಖ ನಿಧಾನವಾಗಿ ಸಡಿಲಾಯಿತು. "ಸುಮ್ನಿರಮ್ಮ," ಎಂದ, ಮೆತ್ತಗೆ. "ಪ್ಲಾಸ್ಟರ್ ಎಲ್ಲಿಂದ ಬರುತ್ತೆ? ವಾರಕ್ಕೆರಡು ಸಲ ನಾನೇ ಬಂದು ನೋಡ್ತೀನಿ, ಒಂದು ಚಿಟಿಕೆ ಪುಡಿ ಈ ರೂಮಲ್ಲಿ ಕಂಡಿಲ್ಲ. ಮೂವತ್ತು ವರ್ಷ ಅಂಗಡಿಯೋರು ನನ್ನ ಕಣ್ಣಿಗೆ ಮಣ್ಣೆರಚೋಕೆ ಆಗ್ಲಿಲ್ಲ, ನೀನು ಎರಚ್ತೀಯಾ? ಜೊತೆಗಿದ್ದವಳು ಹೋಗ್ತಾಳೆ ಅಂತ ಮನಸ್ಸು ತಡೀಲಿಲ್ಲ, ಅವಳ ತಪ್ಪನ್ನ ಮೈಮೇಲೆ ಹಾಕ್ಕೊಳ್ತಿದ್ದೀಯ. ಒಳ್ಳೆ ಮನೆತನದ ಗುಣ ಅದು." ಪ್ಲಂಬರಿನ ಕಡೆ ತಿರುಗಿ, "ನೋಡಪ್ಪ, ಈ ಕಾಲದಲ್ಲೂ ಇಂಥ ಹುಡುಗಿಯರು ಇದ್ದಾರೆ," ಎಂದ.

ಚೀಲ ಅವಳ ಮಂಚದ ಕೆಳಗೆ ಟ್ರಂಕಿನಲ್ಲಿತ್ತು. ಅರ್ಧ ಚೀಲ ಪ್ಲಾಸ್ಟರ್, ಬಾಯಿಗೆ ರಬ್ಬರ್ ಬ್ಯಾಂಡು, ಪಕ್ಕದಲ್ಲಿ ಬಟ್ಟಲು. ಎರಡು ಹೆಜ್ಜೆ. ಟ್ರಂಕು ಎಳೆದು ಮುಚ್ಚಳ ತೆಗೆದರೆ ಆಯಿತು, ಅದಕ್ಕಿಂತ ಬೇರೆ ಮಾತೇ ಬೇಕಿರಲಿಲ್ಲ. ಜಡೆಯ ಕಣ್ಣು ಅವಳಿಂದ ಇಳಿದು ಮಂಚದ ಕೆಳಗೆ ಹೋಗಿ ಮತ್ತೆ ಅವಳ ಮುಖಕ್ಕೆ ಬಂತು. ಅವಳು ನಿಂತಲ್ಲೇ ನಿಂತಿದ್ದಳು. ನಾನು ಹೇಳಿದೆನಲ್ಲ, ಹೇಳಿಯಾಯಿತಲ್ಲ, ಅವನು ನಂಬದಿದ್ದರೆ ನಾನೇನು ಮಾಡಲಿ, ಎಂದು ಒಳಗೊಂದು ದನಿ ಆಗಲೇ ವಾದ ಹೂಡಿತ್ತು. ಅದರ ಜೊತೆಜೊತೆಗೇ ಮೈಯೆಲ್ಲ ಹಗುರಾಯಿತು. ಆ ಹಗುರಕ್ಕೆ ಅವಳಿಗೆ ಅಳು ಬಂತು, ಓನರ್ ಅದನ್ನು ನೋಡಿ ತಲೆದೂಗಿದ. ಕೆಳಗೆ ಬೀದಿಯಲ್ಲಿ ಗಾಡಿಯ ಹಾರನ್ ಕೇಳಿಸಿತು.

ಕಲ್ಲಿನ ಡಬ್ಬವನ್ನು ಇಬ್ಬರೂ ಎರಡು ಕಡೆ ಹಿಡಿದು ಇಳಿಸಿದರು. ಭಾರವಿತ್ತು, ಒಂದೊಂದು ಮೆಟ್ಟಿಲಿಗೂ ನಿಲ್ಲಬೇಕಾಗಿತ್ತು. ನಡುವಿನ ತಿರುವಿನಲ್ಲಿ ಜಡೆ ಡಬ್ಬವನ್ನು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡಳು.

"ನಂಗೆ ಗೊತ್ತಿತ್ತು ಕಣೇ," ಎಂದಳು, ದೂರುವ ದನಿಯಲ್ಲಲ್ಲ. "ಮೊದಲ ದಿನವೇ. ಸಿಂಕಿನ ತೂತಿನ ಸುತ್ತ ಬೆಳ್ಳಗೆ ಕಟ್ಟಿತ್ತು. ಉಗುರಲ್ಲಿ ಕೆರೆದೆ, ಬಂತು. ಸುಣ್ಣ ಆಗಿದ್ರೆ ಉಗುರಿಗೆ ಬರ್ತಿರ್ಲಿಲ್ಲ. ಜಿಪ್ಸಮ್ ಕಲ್ಲು ಹಾಗೆ ಬರುತ್ತೆ. ನಿನ್ನ ಪ್ಲಾಸ್ಟರ್ ಅಂದ್ರೆ ಅದೇ ತಾನೆ, ಸುಟ್ಟು ಪುಡಿ ಮಾಡಿದ್ದು."

ಅವಳೂ ತನ್ನ ಕಡೆಯ ಹಗ್ಗ ಬಿಟ್ಟಳು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ನೀನು ಹೋಗ್ಬೇಕಾಗ್ತಿತ್ತು. ನಿಮ್ಮ ಅತ್ತಿಗೆ ಮನೆ ಪರದೆ ಕಥೆ ನೀನೇ ಹೇಳಿದ್ಯಲ್ಲ." ಜಡೆ ಕತ್ತಿನ ಹಿಂದೆ ಕೈ ಹಾಕಿ ಇಲ್ಲದ ಕೂದಲನ್ನು ಮುಂದಕ್ಕೆ ತಂದುಕೊಳ್ಳಲು ಹೋಗಿ ಕೈ ಇಳಿಸಿದಳು. "ಅವನಿಗೆ ನೀನು ಹೇಳೋದೇ ಬೇಡವಾಗಿತ್ತು. ನನಗೆ ಹೇಳ್ತೀಯ ಅಂದ್ಕೊಂಡೆ. ಕೂದಲು ಕತ್ತರಿಸ್ಕೊಂಡು ಬಂದ ದಿನವಂತೂ ಹೇಳೇ ಹೇಳ್ತೀಯ ಅಂದ್ಕೊಂಡೆ. ಅದಕ್ಕೇ ನಿನ್ನ ಎದುರು ಬಂದು ಕೂತದ್ದು."

ಕೆಳಗಿನಿಂದ ಗಾಡಿಯವನು ಮತ್ತೆ ಹಾರನ್ ಹೊಡೆದ. ಜಡೆ ಬಗ್ಗಿ ಡಬ್ಬದ ತನ್ನ ಕಡೆಯ ಹಗ್ಗ ಹಿಡಿದಳು. "ಚೆನ್ನಾಗಿ ಕಾಣ್ತಿದೆ ಅಂದೆ ನೀನು," ಎಂದಳು. "ಎತ್ತು, ಕೈ ಹಿಡ್ಕೊಳ್ತಿದೆ."

ಗಾಡಿ ತಿರುವು ದಾಟುವವರೆಗೆ ಅವಳು ಬಾಗಿಲಲ್ಲಿ ನಿಂತಿದ್ದಳು. ಆಂಟಿ ಒಳಗಿನಿಂದ ಒಮ್ಮೆ ಇಣುಕಿ ನೋಡಿ ಪರದೆ ಬಿಟ್ಟರು. ಅವಳು ಮೇಲೆ ಬಂದಾಗ ಪ್ಲಂಬರ್ ಹೋಗಿಯಾಗಿತ್ತು, ಓನರ್ ಸಿಂಕಿನ ಮುಂದೆ ನಿಂತು ಹಳೆಯ ಚೀಟಿಯನ್ನು ಕಿತ್ತು ಹೊಸದನ್ನು ಅಂಟಿಸುತ್ತಿದ್ದ. ಬಿಳಿಯ ಬಾಗನ್ನು ಕಾಗದದಲ್ಲಿ ಸುತ್ತಿ ತಾರೀಕು ಬರೆದು ಕಂಕುಳಲ್ಲಿ ಇಟ್ಟುಕೊಂಡಿದ್ದ, ಮುಂದೆ ಬರುವ ಹುಡುಗಿಯರಿಗೆ ತೋರಿಸಲು. "ಪರೀಕ್ಷೆ ಮುಗಿಯೋವರೆಗೂ ಬೇರೆ ಯಾರನ್ನೂ ಹಾಕಲ್ಲ. ರೂಮು ನಿನಗೊಬ್ಬಳಿಗೇ. ನಿಶ್ಚಿಂತೆಯಿಂದ ಓದ್ಕೋ," ಎಂದ. ಹೊರಡುವಾಗ ಬಾಗಿಲಲ್ಲಿ ನಿಂತು, ಇನ್ನು ಮೇಲೆ ತಟ್ಟಿ ಒಂದು ನಿಮಿಷ ಕಾದು ಬರುತ್ತೇನೆ, ಎಂದೂ ಹೇಳಿದ. ಜಡೆ ಕೇಳಿದ್ದು ಅದನ್ನೇ. ಅವಳು ಥ್ಯಾಂಕ್ಸ್ ಅಂಕಲ್ ಎಂದಳು. ಬಾಗಿಲು ಹಾಕಿದಳು. ಜಡೆಯ ಮಂಚದ ಮೇಲೆ ಹಾಸಿಗೆಯಿರಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಕಲ್ಲುಗಳಿದ್ದ ಜಾಗ ಧೂಳಿಲ್ಲದೆ ಒಂದೊಂದೇ ಆಕಾರದಲ್ಲಿ ಕಾಣುತ್ತಿತ್ತು. ಕೈಗೆ ಹಗ್ಗದ ಗೆರೆ ಬಿದ್ದು ಉರಿಯುತ್ತಿತ್ತು. ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿ ಕೈಯೊಡ್ಡಿದಳು. ನೀರು ಒಂದು ಹನಿಯೂ ನಿಲ್ಲದೆ ಸರಾಗವಾಗಿ ಇಳಿದುಹೋಯಿತು.